ಹತ್ತು ಗುಂಟೆಯ ಕಟುಕರೋಹಿಣಿ: ಚಮೋಲಿಯ ಒಂದು ಪ್ರಕರಣ

ಆರೋಗ್ಯವರ್ಧಿನಿ ಗುಳಿಗೆಗೆ ಪಾರದ, ಗಂಧಕ, ಲೋಹ-ಅಭ್ರಕ-ತಾಮ್ರ ಭಸ್ಮಗಳು, ತ್ರಿಫಲ, ಶಿಲಾಜತು, ಗುಗ್ಗುಲು, ಚಿತ್ರಮೂಲ ಎಲ್ಲ ಸೇರಿ ಎಷ್ಟು ತೂಗುತ್ತವೋ ಅಷ್ಟೇ ತೂಕದ ಕಟುಕರೋಹಿಣಿ ಬೀಳಬೇಕು ಎನ್ನುತ್ತದೆ ಶಾಸ್ತ್ರ. ಬೇವಿನೆಲೆಯ ರಸದಲ್ಲಿ ಅರೆಯುವ ಮೊದಲೇ ಅರ್ಧ ಗುಳಿಗೆ ಈ ಒಂದು ಬೇರು. 500 ಮಿಲಿಗ್ರಾಂ ಗುಳಿಗೆಯಲ್ಲಿ ಹತ್ತಿರ ಹತ್ತಿರ 250 ಮಿಲಿಗ್ರಾಂ ಎಂದು ಹಿಡಿದರೆ, ಒಂದು ಕಿಲೊ ಒಣ ಬೇರಿಗೆ 4,000 ಗುಳಿಗೆ. ಬೆಂಗಳೂರು, ಮೈಸೂರಿನ ಗ್ರಂಥಿಗೆ ಅಂಗಡಿಗಳಲ್ಲಿ ಕಟುಕರೋಹಿಣಿ ಎಂದು ಕೇಳಿದರೆ ಕೊಡುವ ಬೂದುಕಂದು ಬಣ್ಣದ, ಮುರಿದರೆ ಒಳಗೆ ಕಪ್ಪಾಗಿರುವ ಚಿಕ್ಕ ಚಿಕ್ಕ ತುಂಡುಗಳು ಇದೇ. ಕರ್ನಾಟಕದಲ್ಲಿ ಎಲ್ಲೂ ಬೆಳೆಯದ ಗಿಡ ಇದು. ಎಲ್ಲವೂ ಹಿಮಾಲಯದಿಂದ, ಹೆಚ್ಚಿನದು ಉತ್ತರಾಖಂಡದ ಹೃಷಿಕೇಶ, ರಾಮನಗರ, ಟನಕ್‌ಪುರದಂಥ ಮಂಡಿಗಳ ಮೂಲಕ ಇಳಿದು ಬರುತ್ತದೆ.

ಗಿಡದ ಹೆಸರು ಪಿಕ್ರೊರೈಝಾ ಕುರೋವಾ. ಹಿಂದಿಯಲ್ಲಿ ಕುಟ್ಕಿ, ಗಢವಾಲಿ ಹಳ್ಳಿಗಳಲ್ಲಿ ಕಡ್ವಿ. ಸುಮಾರು 3,000 ಮೀಟರಿನ ಮೇಲೆ, ಮರಗಳ ಗಡಿ ಮುಗಿದು ಬುಗ್ಯಾಲ್ ಎನ್ನುವ ಹುಲ್ಲುಗಾವಲು ಶುರುವಾಗುವ ಕಡೆ, ಬಂಡೆಯ ಸಂದುಗಳಲ್ಲಿ ಹಂಬು ಹರಿಸಿಕೊಂಡು ಬದುಕುತ್ತದೆ. ಚಮಚದಾಕಾರದ, ಅಂಚಿಗೆ ಹಲ್ಲಿರುವ ನಾಲ್ಕಾರು ಎಲೆ, ನಡುವೆ ಒಂದು ಹೂತೆನೆ. ವರ್ಷದಲ್ಲಿ ಅರ್ಧ ಕಾಲ ಹಿಮದಡಿ. ಬೆಳೆಯಲು ಸಿಗುವುದು ಮೇ ತಿಂಗಳಿನಿಂದ ಸೆಪ್ಟೆಂಬರ್ ತನಕ ಮಾತ್ರ. ಬೀಜ ಉದುರುವುದು ಸೆಪ್ಟೆಂಬರ್ ಹೊತ್ತಿಗೆ. ಕೀಳುವವರು ಎಷ್ಟೋ ಸಲ ಆಗಸ್ಟ್‌ನಲ್ಲೇ ಬಂದುಬಿಡುತ್ತಾರೆ, ತಡ ಮಾಡಿದರೆ ಪಕ್ಕದೂರಿನವರು ಕಿತ್ತಿರುತ್ತಾರೆ ಎಂಬ ಭಯದಿಂದ. ಹಾಗಾಗಿ ಬೇರೂ ಹೋಯಿತು, ಬೀಜವೂ ಬೀಳಲಿಲ್ಲ. ಈ ಸಸ್ಯ ಅಳಿವಿನಂಚಿಗೆ ಸರಿದದ್ದು ಬರೀ ಕಿತ್ತದ್ದರಿಂದಲ್ಲ, ಒಂದು ತಿಂಗಳು ಮೊದಲು ಕಿತ್ತದ್ದರಿಂದಲೂ ಹೌದು. 1997ರಲ್ಲಿ ಇದು, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿತು.

ಎಷ್ಟು ಬೇಕು ಎನ್ನುವುದನ್ನೂ ನೋಡೋಣ. 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಸ್ಥಳೀಯ ವೈದ್ಯ ಪರಂಪರೆಗಳ ಮೇಲೆ ಕೆಲಸ ಮಾಡುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯವರು ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಗಾಗಿ ಮಾಡಿ 2008ರಲ್ಲಿ ಪ್ರಕಟವಾದ ಬೇಡಿಕೆ-ಪೂರೈಕೆ ಅಧ್ಯಯನದಲ್ಲಿ, ವ್ಯಾಪಾರದಲ್ಲಿದ್ದ 960 ಪ್ರಭೇದಗಳ ಪೈಕಿ 178 ಪ್ರಭೇದಗಳು ವರ್ಷಕ್ಕೆ 100 ಟನ್ನಿಗಿಂತ ಹೆಚ್ಚು ಬಳಕೆಯಾಗುತ್ತಿದ್ದವು. ಕಟುಕರೋಹಿಣಿ ಆ 178ರಲ್ಲಿ ಒಂದು. ಗಿಡವೊಂದಕ್ಕೆ 10 ಗ್ರಾಂ ಒಣ ಬೇರು ಎಂದು ಉದಾರವಾಗಿಯೇ ಹಿಡಿದರೂ 100 ಟನ್ ಎಂದರೆ ಒಂದು ಕೋಟಿ ಗಿಡ. ಬುಗ್ಯಾಲಿಗೆ ಇದು ಆಗಿಬರುವ ಮಾತಲ್ಲ.

ಹೊಲಕ್ಕೆ ತರಬೇಕು ಎಂದು ಎಲ್ಲರೂ ಹೇಳುತ್ತಾರೆ. ತಂದಿದ್ದೂ ಇದೆ. ಉತ್ತರಾಖಂಡದ ಚಮೋಲಿ ಜಿಲ್ಲೆಯ ದೇವಾಲ್ ಬ್ಲಾಕಿನ ಘೇಸ್‌ನಂಥ ಊರುಗಳಲ್ಲಿ ಕುಟ್ಕಿ ಈಗ ಹೊಲದ ಬೆಳೆ. ಶ್ರೀನಗರ-ಗಢವಾಲದ ಉನ್ನತ ಪರ್ವತ ಸಸ್ಯ ಸಂಶೋಧನಾ ಕೇಂದ್ರದವರು ತುಂಗನಾಥ ಮತ್ತು ಪೋತಿವಾಸದ ತಮ್ಮ ತಾಕುಗಳಲ್ಲಿ ಇದರ ಬೇಸಾಯ ಕ್ರಮ ರೂಢಿಸಿದ್ದಾರೆ. ಗೋಪೇಶ್ವರದ ಗಿಡಮೂಲಿಕೆ ಸಂಶೋಧನಾ ಸಂಸ್ಥೆ ಬೆಳೆಗಾರರನ್ನು ನೋಂದಾಯಿಸುತ್ತದೆ. ಹೊಲಕ್ಕೆ ಬಂದ ಮೇಲೆ ಯಾವ ಭಾಗವನ್ನು, ಯಾವ ವರ್ಷ, ಎಷ್ಟು ತೆಗೆಯಬೇಕು, ತೆಗೆದದ್ದು ಹೊಲದ್ದೇ ಎಂದು ಹೇಗೆ ಗೊತ್ತಾಗಬೇಕು ಎಂಬುದು ಈ ಬರಹದ ವಿಷಯ. ಅದಕ್ಕಾಗಿ 2,300 ಮೀಟರ್ ಎತ್ತರದ, ಉತ್ತರಕ್ಕೆ ಮುಖಮಾಡಿದ ಇಳಿಜಾರಿನಲ್ಲಿ 5 ನಾಳಿ ಮೆಟ್ಟಿಲು ಹೊಲವಿರುವ ಒಂದು ಮನೆಯ ಹಿಡುವಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ. ಒಂದು ನಾಳಿ 200 ಚದರ ಮೀಟರ್, ನಮ್ಮ ಎರಡು ಗುಂಟೆ. ಐದು ನಾಳಿ ಎಂದರೆ ಹತ್ತು ಗುಂಟೆ.

ಕಹಿ ಎಲ್ಲಿ ಕೂತಿದೆ

ಈ ಬೇರಿನ ಕಹಿಗೆ ಮೊದಲು ಕುಟ್ಕಿನ್ ಎಂದು ಹೆಸರಿಟ್ಟರು, ಒಂದೇ ವಸ್ತು ಎಂದುಕೊಂಡು. ಅದು ಮಿಶ್ರಣ ಎಂದು ಆಮೇಲೆ ತಿಳಿಯಿತು. ಎಲ್ಲದರ ಬುಡದಲ್ಲಿ ಕ್ಯಾಟಲ್ಪಾಲ್ ಎಂಬ ಇರಿಡಾಯ್ಡ್ ಗ್ಲುಕೊಸೈಡ್ ಇದೆ: ಒಂದು ಚಿಕ್ಕ ಟರ್ಪೀನ್ ಚೌಕಟ್ಟು, ಅದಕ್ಕೊಂದು ಗ್ಲುಕೋಸ್. ಆ ಗ್ಲುಕೋಸಿನ ಆರನೇ ಸ್ಥಾನಕ್ಕೆ ಸಿನ್ನಮಿಕ್ ಆಮ್ಲ ಎಸ್ಟರ್ ಆಗಿ ಅಂಟಿದರೆ ಪಿಕ್ರೊಸೈಡ್-1, ಅಣುತೂಕ 492. ಗ್ಲುಕೋಸನ್ನು ಬಿಟ್ಟು ಚೌಕಟ್ಟಿನ ಆರನೇ ಸ್ಥಾನಕ್ಕೆ ವೆನಿಲಿಕ್ ಆಮ್ಲ ಅಂಟಿದರೆ ಪಿಕ್ರೊಸೈಡ್-2. ಅದೇ ವೆನಿಲಿಕ್ ಹತ್ತನೇ ಸ್ಥಾನಕ್ಕೆ ಹೋದರೆ ಕುಟ್ಕೊಸೈಡ್. ಕೊನೆಯ ಎರಡಕ್ಕೂ ಅಣುತೂಕ ಒಂದೇ, 512. ಹೀಗಾಗಿ ಬರೀ ದ್ರವ್ಯರಾಶಿ ನೋಡಿ ಇವೆರಡನ್ನು ಬೇರೆ ಮಾಡಲಾಗದು, ಘಟಕಗಳನ್ನು ಬೇರ್ಪಡಿಸುವ ಕೊಳವೆಯಿಂದ, ಅಂದರೆ ಕಾಲಮ್ಮಿನಿಂದ, ಹೊರಬರುವ ಹೊತ್ತನ್ನೂ ನೋಡಬೇಕು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಯಕೃತ್ತಿನ ಕಾಯಿಲೆಗಳಿಗಾಗಿ ರೂಪಿಸಿದ ಪಿಕ್ರೊಲಿವ್ ಎಂಬ ಸಾರದಲ್ಲಿ ಪಿಕ್ರೊಸೈಡ್-1 ಮತ್ತು ಕುಟ್ಕೊಸೈಡ್ 1:1.5ರ ಅನುಪಾತದಲ್ಲಿ, ಎರಡೂ ಸೇರಿ ಸುಮಾರು 60 ಶೇಕಡಾ ಇರುತ್ತವೆ. ಇವಲ್ಲದೆ ಬೇರಿನಲ್ಲಿ ಅಪೊಸೈನಿನ್ ಎಂಬ ಸರಳ ಫೀನಾಲ್ ಇದೆ. ಜೀವಕೋಶಗಳಲ್ಲಿ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವವನ್ನು ತಡೆಯಲು ಪ್ರಯೋಗಾಲಯಗಳು ಜಗತ್ತಿನಾದ್ಯಂತ ಬಳಸುವ ಅದೇ ವಸ್ತು.

ಬೆಳೆಗಾರನಿಗೆ ಮುಖ್ಯವಾದ ಮಾತು ಮುಂದಿನದು. ಪಿಕ್ರೊಸೈಡ್-1 ತಯಾರಾಗುವುದು ಮುಖ್ಯವಾಗಿ ಎಲೆ-ಚಿಗುರಿನಲ್ಲಿ, ಪಿಕ್ರೊಸೈಡ್-2 ಬೇರಿನ ಕಡೆ. ಹಂಬು ಮತ್ತು ಬೇರುಕಾಂಡದಲ್ಲಿ ಎರಡೂ ಸಿಗುತ್ತವೆ. ಎಲೆಯಲ್ಲಿ ಪಿಕ್ರೊಸೈಡ್-2 ಇಲ್ಲವೆನ್ನುವಷ್ಟು ಕಡಿಮೆ. ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ಸಂಸ್ಥೆಯ ಪ್ರಯೋಗಗಳು ಹೇಳುವಂತೆ 25 ಡಿಗ್ರಿಗಿಂತ 15 ಡಿಗ್ರಿಯಲ್ಲಿ, ಅದೂ ಬೆಳಕಿನಲ್ಲಿ, ಪಿಕ್ರೊಸೈಡ್ ಹೆಚ್ಚು ಕೂಡಿಕೊಳ್ಳುತ್ತದೆ. ಗಿಡವನ್ನು ಕೆಳಕ್ಕಿಳಿಸಿದಷ್ಟೂ ಎಲೆ ದೊಡ್ಡದಾಗಿ, ಬೆಳವಣಿಗೆ ಚುರುಕಾಗಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕಹಿ ಮಾತ್ರ ತೆಳುವಾಗುತ್ತದೆ. ನಾವು 2,300 ಮೀಟರ್ ಆಯ್ದುಕೊಂಡದ್ದು ಇದೇ ಕಾರಣಕ್ಕೆ. ಅಲ್ಲಿ ಬೇಸಗೆ ಮಧ್ಯಾಹ್ನ ಬಿಸಿಯಾದರೂ ರಾತ್ರಿ ತಂಪು ಉಳಿಯುತ್ತದೆ. 1,500 ಮೀಟರಿನಲ್ಲಿ ನೆಟ್ಟು, ಗಿಡ ಸೊಂಪಾಗಿದೆ ಎಂದು ಫೋಟೊ ತೆಗೆಯುವವರು ಕೊಯ್ಲಿನ ವರ್ಷ ಪ್ರಯೋಗಾಲಯದ ವರದಿಯನ್ನೂ ಜೊತೆಗಿಟ್ಟು ನೋಡಬೇಕು.

ನಾಟಿ

ಬೀಜ ಅತಿ ಸಣ್ಣದು. ಬುಗ್ಯಾಲಿನಿಂದ ಬೀಜ ಆರಿಸುವುದಾದರೆ ತೆನೆ ಕಂದುಬಣ್ಣಕ್ಕೆ ತಿರುಗಿದ ಮೇಲೆ, ಎಲ್ಲ ತೆನೆಗಳನ್ನೂ ಬಾಚದೆ, ಅಲ್ಲೊಂದು ಇಲ್ಲೊಂದು ಆರಿಸಬೇಕು. ಪಾಲಿಹೌಸಿನಲ್ಲಿ ಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಸಮಭಾಗ ಬೆರೆಸಿದ ಟ್ರೇ. ಬೀಜವನ್ನು ಒಣ ಮರಳಿನೊಂದಿಗೆ ಕಲಸಿ ಉದುರಿಸಿ, ಮೇಲೆ 2-3 ಮಿಲಿಮೀಟರಿಗಿಂತ ಹೆಚ್ಚು ಮಣ್ಣು ಮುಚ್ಚಬಾರದು. ಆಳಕ್ಕೆ ಹೋದ ಬೀಜ ಮೇಲೆ ಬರುವುದೇ ಇಲ್ಲ. ಬಿತ್ತುವ ಮುನ್ನ ಗಿಬ್ಬರೆಲಿಕ್ ಆಮ್ಲ ಎಂಬ ಸಸ್ಯ ಹಾರ್ಮೋನಿನ ತೆಳು ದ್ರಾವಣದಲ್ಲಿ ನೆನೆಸಿದರೆ ಮೊಳಕೆ ಹೆಚ್ಚು, ಒಂದೇ ಸಲಕ್ಕೂ ಬರುತ್ತದೆ. ನೀರನ್ನು ಮೇಲಿನಿಂದ ಹೊಯ್ಯದೆ ಮಂಜಿನಂತೆ ಸಿಂಪಡಿಸಬೇಕು. ಒರಟು ಹನಿ ಬಿದ್ದರೆ ಸಸಿ ಮಲಗುತ್ತದೆ, ಮಲಗಿದಲ್ಲೇ ಕೊಳೆಯುತ್ತದೆ.

ಹಂಬಿನ ತುಂಡು ಇದಕ್ಕಿಂತ ಸುಲಭ. 3-4 ಗಿಣ್ಣಿರುವ ತುಂಡು, ತುದಿಯಲ್ಲಿ ಚಿಗುರಿದ್ದರೆ ಒಳ್ಳೆಯದು. ಅಡ್ಡಡ್ಡಲಾಗಿ ಮಲಗಿಸಿ, ಚಿಗುರು ಮಾತ್ರ ಮೇಲಿರುವಂತೆ ತೆಳುವಾಗಿ ಮಣ್ಣು ಕೊಡಬೇಕು. ನೆಟ್ಟಗೆ ಚುಚ್ಚಿದರೆ ಕೆಳಗಿನ ಗಿಣ್ಣು ಕೊಳೆಯುತ್ತದೆ. ಇಲ್ಲೇ ಮೊದಲ ಮೋಸ ನಡೆಯುವುದು. ಹೊಲಕ್ಕೆ ನೆಡುವ ತುಂಡುಗಳನ್ನು ಬುಗ್ಯಾಲಿನಿಂದಲೇ ಅಗೆದು ತಂದರೆ, ಒಂದು ನಾಳಿ ತುಂಬಲು ಎರಡು ಸಾವಿರ ತುಂಡು ಬೇಕು. ಅಷ್ಟು ತುಂಡಿಗೆ ಕಾಡಿನ ಎಷ್ಟು ಗಿಡ ಕಿತ್ತರು ಎಂದು ಯಾರೂ ಕೇಳುವುದಿಲ್ಲ, ಕಾಗದದಲ್ಲಿ ಅದು ಬೇಸಾಯ. ನರ್ಸರಿಯ ರಸೀತಿ ಇಲ್ಲದ ಹಂಬನ್ನು ಮುಟ್ಟಬಾರದು. ಮೊದಲ ವರ್ಷ ಒಂದೇ ನಾಳಿ ನೆಟ್ಟು, ಅದರ ಹಂಬಿನಿಂದಲೇ ಮುಂದಿನ ನಾಳಿಗಳನ್ನು ತುಂಬುವುದು ನಿಧಾನ ನಿಜ. ಆದರೂ ನಮ್ಮ ಮತ ಅದಕ್ಕೇ.

ಹೊಲಕ್ಕೆ ಕಳಿತ ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ ಧಾರಾಳವಾಗಿ. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಬಂದು ಹಂಬನ್ನೇ ತಿನ್ನುತ್ತದೆ. ಸಾಲಿಗೆ ಸಾಲು 30 ಸೆಂಟಿಮೀಟರ್, ಗಿಡಕ್ಕೆ ಗಿಡ 30 ಸೆಂಟಿಮೀಟರ್. ಲೆಕ್ಕದ ಪ್ರಕಾರ ನಾಳಿಗೆ 2,222 ಗಿಡ, ಐದು ನಾಳಿಗೆ 11,000. ಬದು, ಕಾಲುದಾರಿ ಕಳೆದರೆ 10,000 ಎನ್ನಿ. ನೀರು ನಿಲ್ಲಲೇಬಾರದು, ಮಳೆಗಾಲಕ್ಕೆ ಮುಂಚೆ ಮೆಟ್ಟಿಲಿನ ಒಳಬದಿಯಲ್ಲಿ ಕಾಲುವೆ ತೆಗೆದಿರಬೇಕು. ಈ ಬೆಳೆ ಬಾಯಾರಿ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವುದು ಹೆಚ್ಚು. ಗಾಳಿಯಾಡದ ತಾಕಿನಲ್ಲಿ ಮಳೆಗಾಲದ ಕೊನೆಗೆ ಎಲೆಯ ಮೇಲೆ ಬೂದಿರೋಗ ಬರುತ್ತದೆ. ಸೇಬಿನ ಮರಗಳ ನಡುವಿನ ಅರೆನೆರಳು ಇದಕ್ಕೆ ಹಿತ, ಆದರೆ ಸೇಬಿಗೆ ಹೊಡೆಯುವ ಔಷಧಿ ಈ ಎಲೆಯ ಮೇಲೂ ಬೀಳುತ್ತದೆ. ಬೇರಿನಲ್ಲಿ ಕೀಟನಾಶಕದ ಅಂಶ ಕಂಡರೆ ಇಡೀ ಮಾಲು ವಾಪಸ್. ಮೊದಲ ವರ್ಷ ಕಳೆ ಕೀಳುವುದೇ ದೊಡ್ಡ ಕೂಲಿ. ಎರಡನೇ ವರ್ಷ ಹಂಬು ಹಬ್ಬಿ ನೆಲ ಮುಚ್ಚಿಕೊಳ್ಳುತ್ತದೆ, ಆಗ ಕುಡುಗೋಲು ಗುದ್ದಲಿ ಆಡಿಸುವುದು ಅಪಾಯ, ಕೈಯಲ್ಲೇ ಕೀಳಬೇಕು.

ಕೊಯ್ಲು, ಒಣಗಿಸುವುದು

ಮೂರನೇ ವರ್ಷ, ಎಲೆ ಹಳದಿಯಾಗಿ ಮಡಚಿಕೊಂಡ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಎರಡನೇ ವರ್ಷವೇ ಬೆಲೆ ಚೆನ್ನಾಗಿದೆ ಎಂದು ಕಿತ್ತರೆ ಬೇರುಕಾಂಡ ಕಡ್ಡಿಯಷ್ಟೇ ದಪ್ಪವಿರುತ್ತದೆ. ಮಾರುಕಟ್ಟೆ ಬಯಸುವುದು 4-8 ಮಿಲಿಮೀಟರ್ ದಪ್ಪದ, ಮೇಲೆ ಉದುರಿದ ಎಲೆಬುಡಗಳ ಸಿಪ್ಪೆ ಅಂಟಿಕೊಂಡಿರುವ ತುಂಡು. 10,000ದಲ್ಲಿ 8,000 ಗಿಡ ಉಳಿದು, ತಲಾ 10 ಗ್ರಾಂ ಒಣ ಬೇರು ಬಂದರೆ 80 ಕಿಲೊ. ತಲಾ 5 ಗ್ರಾಮಿಗೆ ಇಳಿದರೆ 40. ಮೂರು ವರ್ಷಕ್ಕೆ ಬರುವ ಹುಟ್ಟುವಳಿ ಇದು, ವರ್ಷಕ್ಕಲ್ಲ. ಹೀಗಾಗಿ 100 ಟನ್ನಿನ ಬೇಡಿಕೆಯನ್ನು ಪೂರ್ತಿ ಹೊಲದಿಂದಲೇ ತುಂಬಬೇಕೆಂದರೆ, 80 ಕಿಲೊದ ಒಳ್ಳೆಯ ಇಳುವರಿ ಹಿಡಿದರೂ, ಐದು ನಾಳಿಯ 3,750 ಮನೆಗಳು ಒಟ್ಟಿಗೆ ಬೆಳೆಯಬೇಕು.

ಅಗೆದ ಮೇಲೆ ಮಣ್ಣು ಕೊಡವಿ, ಬೇಗ ನೀರಿನಲ್ಲಿ ಅದ್ದಿ ತೆಗೆಯಬೇಕು. ನೆನೆಯಲು ಬಿಡಬಾರದು, ಗ್ಲುಕೊಸೈಡುಗಳು ನೀರಿಗೆ ಇಳಿಯುತ್ತವೆ. ಆಮೇಲೆ ಗಾಳಿಯಾಡುವ ಅಟ್ಟದಲ್ಲಿ, ನೆರಳಲ್ಲಿ, ಒಂದರ ಮೇಲೊಂದು ಬೀಳದಂತೆ ತೆಳುವಾಗಿ ಹರವಬೇಕು. ಗುಡ್ಡೆ ಹಾಕಿದರೆ ಒಳಗೆ ಬಿಸಿ ಹುಟ್ಟುತ್ತದೆ. ಹಸಿ ಬೇರಿನಲ್ಲಿರುವ ಗ್ಲುಕೊಸಿಡೇಸ್ ಕಿಣ್ವಗಳಿಗೆ ಬೇಕಾದ್ದೇ ಆ ತೇವ, ಆ ಬಿಸಿ. ಗ್ಲುಕೋಸ್ ಕಳಚಿಕೊಂಡ ಇರಿಡಾಯ್ಡ್ ಚೌಕಟ್ಟು ಗಟ್ಟಿಯಾಗಿ ನಿಲ್ಲುವಂಥದ್ದಲ್ಲ, ಒಡೆದು ಒಂದಕ್ಕೊಂದು ಕೂಡಿ ಕಪ್ಪಾಗುತ್ತದೆ. ಮುರಿದಾಗ ಟಕ್ ಎನ್ನಬೇಕು. ಬಾಗಿ ನಾರು ಎಳೆದರೆ ಇನ್ನೂ ಹಸಿ ಇದೆ. ಹಸಿ ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಹೃಷಿಕೇಶ ಮುಟ್ಟುವಷ್ಟರಲ್ಲಿ ಬೂಷ್ಟು. ಒಲೆಯ ಮೇಲಿನ ಅಟ್ಟ ಸುಲಭ ಅನ್ನಿಸಿದರೂ ಹೊಗೆ ಹಿಡಿದ ಮಾಲನ್ನು ಸಾರ ತೆಗೆಯುವ ಕಾರ್ಖಾನೆಗಳು ಮೂಸಿ ನೋಡಿಯೇ ಬಿಟ್ಟುಬಿಡುತ್ತವೆ.

ಪರೀಕ್ಷೆಯಲ್ಲಿ ಎಡವುವ ಕಡೆಗಳು

ಔಷಧಗಳ ಗುಣಮಟ್ಟ ಗೊತ್ತುಮಾಡುವ ಅಧಿಕೃತ ಗ್ರಂಥವಾದ ಆಯುರ್ವೇದ ಫಾರ್ಮಾಕೋಪಿಯಾ ಈ ಬೇರಿಗೆ ಕಸಕಡ್ಡಿ 2 ಶೇಕಡಾ, ಒಟ್ಟು ಬೂದಿ 7 ಶೇಕಡಾ, ಆಮ್ಲದಲ್ಲಿ ಕರಗದ ಬೂದಿ 1 ಶೇಕಡಾ ಮೀರಬಾರದು ಎನ್ನುತ್ತದೆ. ಕೊನೆಯದು ಅಂದರೆ ಮರಳು. ಮೆಟ್ಟಿಲು ಹೊಲದ ಮಾಲು ಸೋಲುವುದು ಬಹುಪಾಲು ಇಲ್ಲೇ, ಕೂದಲೆಳೆಯಂಥ ಬೇರುಗಳ ನಡುವೆ ಸಿಕ್ಕಿಕೊಂಡ ಮಣ್ಣಿನಿಂದ.

ಪಿಕ್ರೊಸೈಡ್ ಅಳೆಯಲು ಎಚ್‌ಪಿಎಲ್‌ಸಿಯೇ ಬೇಕು, ಅಂದರೆ ಸಾರದ ಘಟಕಗಳನ್ನು ಕಾಲಮ್ಮಿನಲ್ಲಿ ಬೇರ್ಪಡಿಸಿ ಒಂದೊಂದನ್ನೂ ಅಳೆಯುವ ಯಂತ್ರ. ಒಂದು ರೂಢಿಯ ಕ್ರಮ: ನುಣ್ಣಗೆ ಜರಡಿ ಹಿಡಿದ ಪುಡಿ ಅರ್ಧ ಗ್ರಾಂ, ಮೆಥನಾಲ್ 25 ಮಿಲಿಲೀಟರ್, ಶಬ್ದತರಂಗಗಳಿಂದ ಅಲುಗಿಸುವ ಸೋನಿಕೇಟರಿನಲ್ಲಿ ಅರ್ಧ ಗಂಟೆ, ಸೋಸಿ ಮತ್ತೆರಡು ಸಲ ಹಾಗೆಯೇ ಮಾಡಿ ಒಟ್ಟುಗೂಡಿಸಿ 100 ಮಿಲಿಲೀಟರಿಗೆ ತುಂಬುವುದು. 0.45 ಮೈಕ್ರಾನ್ ಸೋಸುಗ, ಸಿ-18 ಕಾಲಮ್, ಆಮ್ಲ ಬೆರೆಸಿದ ನೀರು ಮತ್ತು ಅಸಿಟೊನೈಟ್ರೈಲ್, ಸುಮಾರು 270 ನ್ಯಾನೊಮೀಟರಿನಲ್ಲಿ ನೋಟ. ಸೋನಿಕೇಟರಿನ ನೀರು ಬಿಸಿಯಾಗದಂತೆ ನಡುನಡುವೆ ಐಸ್ ಹಾಕಬೇಕು.

ಇದನ್ನು ಬಿಟ್ಟು, ದ್ರಾವಣ ಎಷ್ಟು ಅತಿನೇರಳೆ ಬೆಳಕು ಹೀರುತ್ತದೆ ಎಂದಷ್ಟೇ ನೋಡುವ ಯುವಿ ಯಂತ್ರದಲ್ಲಿ "ಒಟ್ಟು ಕುಟ್ಕಿನ್" ಅಳೆದು ವರದಿ ಕೊಡುವವರಿದ್ದಾರೆ. ಆ ಯಂತ್ರಕ್ಕೆ ಕಾಣುವುದು ಕ್ಯಾಟಲ್ಪಾಲ್ ಅಲ್ಲ, ಅದಕ್ಕೆ ಅಂಟಿರುವ ಸಿನ್ನಮಿಕ್ ಮತ್ತು ವೆನಿಲಿಕ್ ಭಾಗಗಳು. ಮಾಲು ಕೆಟ್ಟು ಎಸ್ಟರ್ ಬಂಧ ಕಳಚಿದರೂ ಸಿನ್ನಮಿಕ್ ಆಮ್ಲ ದ್ರಾವಣದಲ್ಲೇ ಇರುತ್ತದೆ, ಅದೇ ಆಸುಪಾಸಿನ ಬೆಳಕನ್ನು ಹೀರುತ್ತದೆ. ಅಪೊಸೈನಿನ್ ಕೂಡ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಪಿಕ್ರೊಸೈಡ್ ಇಲ್ಲದ ಮಾಲಿಗೂ ಅಂಕಿ ಚೆನ್ನಾಗಿಯೇ ಬರುತ್ತದೆ.

ಬೆರಕೆಗೆ ಬಹುಕಾಲದಿಂದ ಬಳಕೆಯಾಗುತ್ತಿರುವುದು ಲಾಗೋಟಿಸ್ ಕಾಶ್ಮೀರಿಯಾನಾ ಎಂಬ ಗಿಡದ ಬೇರು. ಅದೇ ಎತ್ತರದಲ್ಲಿ, ಎಷ್ಟೋ ಸಲ ಪಕ್ಕದಲ್ಲೇ ಬೆಳೆಯುತ್ತದೆ. ಇನ್ನೊಂದು ಸೂಕ್ಷ್ಮ ನೇಪಾಳದ ಕಡೆಯದು. ಅಲ್ಲಿಂದ ಬರುವ ಕುಟ್ಕಿ ಹೆಚ್ಚಾಗಿ ನಿಯೋಪಿಕ್ರೊರೈಝಾ ಸ್ಕ್ರೊಫುಲಾರಿಫ್ಲೋರಾ. ಅದರಲ್ಲೂ ಪಿಕ್ರೊಸೈಡ್‌ಗಳಿವೆ, ಔಷಧವಾಗಿ ಅದೂ ನಡೆಯುತ್ತದೆ. ಆದರೆ ಸೈಟಿಸ್ ಪಟ್ಟಿ ಆ ಪ್ರಭೇದವನ್ನು ಹೆಸರಿಸಿಯೇ ಹೊರಗಿಟ್ಟಿದೆ. ಪುಡಿಯಾದ ಮೇಲೆ ಎರಡನ್ನೂ ಕಣ್ಣಿನಿಂದ ಬೇರೆ ಮಾಡಲಾಗದು. ಇಲ್ಲಿಯ ಮಾಲಿಗೆ ಅಲ್ಲಿಯ ಹೆಸರು ಹಚ್ಚುವುದಕ್ಕೆ ಇದಕ್ಕಿಂತ ಸಲೀಸು ಸಂದು ಬೇಡ.

ಎಲೆಯ ಪ್ರಶ್ನೆ

ಎಲೆಯಲ್ಲಿ ಪಿಕ್ರೊಸೈಡ್-1 ಇದೆ ಎಂದ ಮೇಲೆ ಬೇರು ಏಕೆ ಕೀಳಬೇಕು? ಹೇಗೂ ಚಳಿಗಾಲಕ್ಕೆ ಎಲೆ ಸಾಯುತ್ತದೆ. ಬೇರು ಮೂರು ವರ್ಷಕ್ಕೊಮ್ಮೆ, ಎಲೆ ವರ್ಷವರ್ಷ. ಪಿಕ್ರೊಸೈಡ್-1 ಮಾತ್ರ ಬೇಕಾದ ಸಾರದ ಕಾರ್ಖಾನೆಗೆ ಹೊಲದ ಎಲೆ ಒಳ್ಳೆಯ ಕಚ್ಚಾಮಾಲು ಎನ್ನುವುದರಲ್ಲಿ ನಮಗೆ ಅನುಮಾನವಿಲ್ಲ. ಕೊಯ್ಯುವ ಹೊತ್ತು ಮಾತ್ರ ತಪ್ಪಬಾರದು. ಜುಲೈನಲ್ಲಿ ಬೋಳಿಸಿದರೆ ಬೇರಿಗೆ ಇಳಿಯಬೇಕಾದ ಆಹಾರ ನಿಂತು ಮುಂದಿನ ವರ್ಷದ ಚಿಗುರೇ ಸೊರಗುತ್ತದೆ. ಸೆಪ್ಟೆಂಬರಿನಲ್ಲಿ, ಹಳದಿ ತಿರುಗುವ ಮುನ್ನ, ಹೊರಸುತ್ತಿನ ಎಲೆಗಳನ್ನಷ್ಟೇ, ಮೂರರಲ್ಲಿ ಒಂದು ಪಾಲು ಮೀರದಂತೆ ಕತ್ತರಿಸಬೇಕು. ನಡುವಿನ ಸುಳಿ ಮುಟ್ಟಬಾರದು.

ಆರೋಗ್ಯವರ್ಧಿನಿಗೆ ಮಾತ್ರ ಎಲೆ ಆಗದು. ಫಾರ್ಮಾಕೋಪಿಯಾ ಹೆಸರಿಸಿರುವುದು ಬೇರುಕಾಂಡವನ್ನು, ಎಲೆಯಲ್ಲಿ ವೆನಿಲಿಕ್ ಕಡೆಯ ಪಿಕ್ರೊಸೈಡ್-2 ಬಹುತೇಕ ಇಲ್ಲ. ಎಲೆಯ ಪುಡಿಯನ್ನು ಬೇರಿನ ಪುಡಿಗೆ ಕಲಸಿದವರನ್ನು ಹಿಡಿಯುವ ದಾರಿಯೂ ಇದೇ. ಪಿಕ್ರೊಸೈಡ್-1 ಏರಿ 2 ಇಳಿದಿರುತ್ತದೆ, ಎರಡರ ಅನುಪಾತ ವಾಲುತ್ತದೆ. ಅದಕ್ಕೆ ಖರೀದಿದಾರರು ತಮಗೆ ಮಾಲು ಬರುವ ಕಣಿವೆಗಳ ಅಪ್ಪಟ ಬೇರಿನ ಒಂದಷ್ಟು ಮಾದರಿಗಳಿಂದ ಸ್ವಂತ ಅನುಪಾತ ಕಟ್ಟಿಟ್ಟುಕೊಳ್ಳಬೇಕು. ಹಂಬು ಹೆಚ್ಚಿದ್ದರೂ ಅನುಪಾತ ಸ್ವಲ್ಪ ಅತ್ತಿತ್ತ ಆಗುವುದರಿಂದ ಒಂದೇ ಮಾದರಿ ನೋಡಿ ತೀರ್ಪು ಕೊಡಲಾಗದು.

ಕಾಗದ ಮತ್ತು ತಕ್ಕಡಿ

ಹೊಲದ ಮಾಲು ಹೊರಡಲು ಬೆಳೆಗಾರನ ನೋಂದಣಿ ಮತ್ತು ಸಾಗಣೆ ಪರವಾನಗಿ ಬೇಕು. ಕಾಡಿನಿಂದ ತೆಗೆದದ್ದನ್ನು ರಫ್ತು ಮಾಡುವಂತಿಲ್ಲ. ಬೆಳೆದದ್ದನ್ನು ಕಳಿಸಲು ಅದು ಬೆಳೆದದ್ದೇ ಎಂಬ ಪ್ರಮಾಣಪತ್ರ ಮತ್ತು ಸೈಟಿಸ್ ಕಾಗದ ಎರಡೂ ಬೇಕು. ಚಿಲ್ಲರೆ ಮಾರಾಟಕ್ಕೆ ಸಿದ್ಧವಾದ ಪೊಟ್ಟಣಗಳಿಗೆ ಆ ಒಪ್ಪಂದ ವಿನಾಯಿತಿ ಕೊಡುತ್ತದೆ. 2018ರ ಡಿಸೆಂಬರಿನಲ್ಲಿ ಉತ್ತರಾಖಂಡ ಹೈಕೋರ್ಟ್ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ದೇಶೀಯ ಕಂಪನಿಗಳೂ ಜೈವಿಕ ಸಂಪನ್ಮೂಲದ ಲಾಭ ಹಂಚಬೇಕೆಂದು ತೀರ್ಪು ಕೊಟ್ಟಿತು. ಆಮೇಲೆ ಬಂದ 2023ರ ಜೈವಿಕ ವೈವಿಧ್ಯ ತಿದ್ದುಪಡಿ ಬೆಳೆದ ಔಷಧೀಯ ಸಸ್ಯಗಳಿಗೆ ವಿನಾಯಿತಿ ಕೊಟ್ಟಿದ್ದರಿಂದ "ಬೆಳೆದದ್ದು" ಎನ್ನುವ ಮುದ್ರೆಗೆ ಈಗ ಹಣದ ಬೆಲೆಯೂ ಬಂದಿದೆ. ಮುದ್ರೆ ಬೆಲೆಬಾಳಿದರೆ ಸುಳ್ಳು ಮುದ್ರೆಗೂ ಗಿರಾಕಿ ಹುಟ್ಟುತ್ತಾನೆ.

ಅದನ್ನು ಹಿಡಿಯಲು ಡಿಎನ್‌ಎ ಯಂತ್ರ ಉಪಯೋಗಕ್ಕೆ ಬಾರದು, ಕಾಡಿನದೂ ಹೊಲದ್ದೂ ಒಂದೇ ಪ್ರಭೇದ. ಕೆಲಸಕ್ಕೆ ಬರುವುದು ಗುಣಾಕಾರ. ನಾಳಿಗೆ ಗರಿಷ್ಠ 2,222 ಗಿಡ, ಗಿಡಕ್ಕೆ 10 ಗ್ರಾಂ, ಒಂದು ಗಿಡವೂ ಸಾಯದಿದ್ದರೂ 22 ಕಿಲೊ. ಎರಡು ನಾಳಿ ತೋರಿಸಿ 200 ಕಿಲೊಗೆ ಪರವಾನಗಿ ಕೇಳಿದವನ ಮಿಕ್ಕ ಮಾಲು ಎಲ್ಲಿಯದು ಎಂದು ಅಲ್ಲೇ ಗೊತ್ತಾಗುತ್ತದೆ. ಸತತ ಎರಡು ವರ್ಷ ಅದೇ ನಾಳಿಯಿಂದ ಅದೇ ತೂಕ ಬಂದರೂ ಅಷ್ಟೇ, ಮೂರು ವರ್ಷದ ಬೆಳೆ ಎರಡು ಸಲ ಕೊಯ್ಲಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಕೂತು ಕೊಳ್ಳುವ ಕಂಪನಿಯ ಖರೀದಿ ವಿಭಾಗವೂ ಈ ಲೆಕ್ಕವನ್ನು ಇನ್‌ವಾಯ್ಸಿನ ಹಿಂಬದಿಯಲ್ಲೇ ಹಾಕಬಹುದು, ನಾಳಿಯ ಸಂಖ್ಯೆ ಮತ್ತು ನಾಟಿಯ ವರ್ಷ ಬರೆಯಿಸಿಕೊಂಡರೆ ಸಾಕು.

ನಮ್ಮ ಐದು ನಾಳಿಯ ಮನೆಗೆ ಇದರಿಂದ ಬರುವ ಕ್ರಮ ಹೀಗೆ. ಹೊಲವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು ನೆಡುವುದು. ಮೂರನೇ ವರ್ಷದಿಂದ ಶರತ್ಕಾಲದಲ್ಲಿ ಒಂದು ಪಾಲಿನ ಬೇರು, ಅಂದಾಜು 25 ಕಿಲೊ, ಮಿಕ್ಕೆರಡು ಪಾಲಿನಿಂದ ಹೊರಸುತ್ತಿನ ಎಲೆ. ಬೇರು ಅಗೆಯುವಾಗಲೇ ಚಿಗುರಿರುವ ಹಂಬಿನ ತುದಿಗಳನ್ನು ಗಿಣ್ಣು ಎಣಿಸಿ ಬೇರೆ ಬುಟ್ಟಿಗೆ ಹಾಕಿ, ಒದ್ದೆ ಪಾಚಿಯಲ್ಲಿ ಸುತ್ತಿ, ಬೇರೆ ತಾಕಿನ ಮಡಿಗೆ ಅದೇ ವಾರ ಊರಬೇಕು. ಖಾಲಿಯಾದ ತಾಕಿನಲ್ಲಿ ಒಂದು ಬೇಸಗೆ ರಾಜ್ಮಾ ಬೆಳೆದು, ಕೊಳೆರೋಗದ ಬೇರುಗಳನ್ನು ಆರಿಸಿ ತೆಗೆದ ಮೇಲೆ ಮತ್ತೆ ಕುಟ್ಕಿ.